ಒಂಟಿ ಸೀನು

ಮನುಷ್ಯಕುಲದ ಹಣೆಬರಹ ತಿದ್ದುವ ನಿರ್ಧಾರಗಳು ದೊಡ್ಡ ಸಭಾಂಗಣಗಳಲ್ಲಿ, ಹಾರ ತುರಾಯಿಗಳ ನಡುವೆ ಆಗುತ್ತವೆಂಬ ನಂಬಿಕೆ ನಮ್ಮಲ್ಲಿದೆ. ಆದ್ದರಿಂದ ಮುಂದಿನ ಸಂಗತಿಯನ್ನು ತಕ್ಕ ಗಾಂಭೀರ್ಯದಿಂದಲೇ ದಾಖಲಿಸಬೇಕಾಗಿದೆ. ಶ್ರಾವಣದ ಎರಡನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಗದಗಿನಲ್ಲಿರುವ ಜೊತೆ ನಿಗಮದ ಕೇಂದ್ರದಲ್ಲಿ, ಮೂವತ್ತೊಂದನೆಯ ಪೋರ್ಟಿಗೆ ಕಾಯ್ದಿರಿಸಿದ್ದ ನಲವತ್ತು ಗೂಡುಗಳನ್ನು ವಾಪಸು ಪಡೆದು ಸಾಮಾನ್ಯ ರಾಶಿಗೆ ಸೇರಿಸಲಾಯಿತು. ಗೂಡು ಎಂದರೆ ಸ್ವಿಚ್ಚು ಎಂಬ, ಸದ್ದು ಹಂಚುವ ಯಂತ್ರದ ನೆನಪಿನಲ್ಲಿ ಇನ್ನೂರೆಂಟು ಬೈಟಿನಷ್ಟು ಜಾಗ. ನಲವತ್ತು ಗೂಡು ಸೇರಿದರೂ ಅದರಲ್ಲಿ ಒಂದು ಮದುವೆಯ ಕರೆಯೋಲೆ ಹಿಡಿಯುವುದಿಲ್ಲ.

ಈ ಕಾರ್ಯವನ್ನು ನೆರವೇರಿಸಿದವಳು ಬೆಳಗಿನ ಪಾಳಿಯ ಹಿರಿಯ ತಂತ್ರಜ್ಞೆ ನೀಲಾಂಬಿಕಾ ಸೂಡಿ. ವಯಸ್ಸು ನಲವತ್ತೊಂಬತ್ತು. ಒಂದು ಸಾಲು ಟೈಪು ಮಾಡಿದಳು, ಎರಡು ಸಲ ಓದಿದಳು, ಒತ್ತಿದಳು. ಆಮೇಲೆ ಆರಿದ ಚಹಾ ಕುಡಿದಳು. ಹಾರ ಹಾಕಲು ಯಾರೂ ಬರಲಿಲ್ಲ.

ಜೊತೆ ನಿಗಮ ಹುಟ್ಟಿದ್ದು ಒಂದು ಜನಗಣತಿಯಿಂದ. ಹತ್ತು ಮನೆಗಳಲ್ಲಿ ಏಳರಲ್ಲಿ ಒಬ್ಬೊಬ್ಬರೇ ಇದ್ದಾರೆಂದು ಆ ಗಣತಿಯಲ್ಲಿ ತಿಳಿಯಿತು. ಒಬ್ಬರೇ ಇರುವವರು ಬಚ್ಚಲಲ್ಲಿ ಜಾರಿ ಬಿದ್ದರೆ ಮೂರನೆಯ ದಿನ ಹಾಲಿನವನಿಗೆ ಗೊತ್ತಾಗುತ್ತಿತ್ತು. ಸರಕಾರ ಹಾಲಿನವನನ್ನೇ ಎಷ್ಟೆಂದು ನೆಚ್ಚಿಕೊಳ್ಳಬೇಕು? ಹೀಗಾಗಿ ಮನೆಗೊಂದು ಪೆಟ್ಟಿಗೆ ಬಂತು. ಒಂಟಿಯಾಗಿರುವ ಇಬ್ಬರನ್ನು ಯಂತ್ರ ತಾನೇ ಜೋಡಿ ಮಾಡುತ್ತದೆ. ಇವರ ಮನೆಯ ಸದ್ದು ಅವರಿಗೆ ಕೇಳುತ್ತದೆ, ಅವರದ್ದು ಇವರಿಗೆ. ಹೆಸರಿಲ್ಲ, ಊರಿಲ್ಲ, ಮುಖವಿಲ್ಲ. ಮಾತೂ ಇಲ್ಲ. ಮಾತಾಡಿದರೆ ಪೆಟ್ಟಿಗೆ ಅದನ್ನು ಅರೆದು ಗುಣುಗುಣು ಮಾಡಿಬಿಡುತ್ತದೆ, ಯಾರ ಗುಟ್ಟೂ ಯಾರಿಗೂ ಹೋಗಬಾರದೆಂದು. ಕುರ್ಚಿ ಎಳೆದದ್ದು, ಕುಕ್ಕರು ಕೂಗಿದ್ದು, ತಟ್ಟೆ ಇಟ್ಟದ್ದು ಮಾತ್ರ ಇದ್ದ ಹಾಗೆಯೇ ದಾಟುತ್ತದೆ. ಬಿದ್ದ ಸದ್ದು ಕೇಳಿದರೆ ಪೆಟ್ಟಿಗೆಯ ಕೆಂಪು ಗುಂಡಿ ಒತ್ತಬೇಕು. ಅದೊಂದೇ ಕರ್ತವ್ಯ.

ಯಾವ ಸದ್ದೂ ಇಲ್ಲದಾಗ ಪೆಟ್ಟಿಗೆ ಮೌನವನ್ನು ಹೊತ್ತು ತರುವುದಿಲ್ಲ. ಮೌನಕ್ಕೆ ಸುಮ್ಮನೆ ತಂತಿಯ ಖರ್ಚು ಯಾಕೆ? ಬದಲಿಗೆ ತಾನೇ ಸಣ್ಣಗೆ ಉಸಿರಿನಂಥ ಒಂದು ಸದ್ದು ಹುಟ್ಟಿಸುತ್ತದೆ. ಆ ಕಡೆ ಯಾರಾದರೂ ಇದ್ದರೂ ಅದೇ ಉಸಿರು, ಇಲ್ಲದಿದ್ದರೂ ಅದೇ. ನಿಜವಾದ ಸದ್ದಾದಾಗ ಮಾತ್ರ ಅದನ್ನು ಮೂಟೆ ಕಟ್ಟಿ ಒಂದೇ ಏಟಿಗೆ ತಳ್ಳುತ್ತದೆ.

ಆ ಮೂಟೆಗಳೆಲ್ಲ ಗದಗಿನ ಸ್ವಿಚ್ಚಿಗೆ ಬಂದು ಬೀಳುತ್ತವೆ. ನೋಡಲು ಬಂದ ಶಾಲೆಯ ಮಕ್ಕಳಿಗೆ ನೀಲಾಂಬಿಕಾ ಸ್ವಿಚ್ಚನ್ನು ಹಿಟ್ಟಿನ ಗಿರಣಿಗೆ ಹೋಲಿಸಿ ಹೇಳುತ್ತಿದ್ದಳು. ಗಿರಣಿಯವ ಒಂದು ಸಲಕ್ಕೆ ಒಂದೇ ಡಬ್ಬಿ ಬೀಸುತ್ತಾನೆ. ಉಳಿದ ಡಬ್ಬಿಗಳು ಕಟ್ಟೆಯ ಮೇಲೆ ಕಾಯುತ್ತವೆ. ಆ ಕಟ್ಟೆಯೇ ಬಫರು. ಕಟ್ಟೆಯಲ್ಲಿ ಒಂದೊಂದು ಓಣಿಗೆ, ಅಂದರೆ ಪೋರ್ಟಿಗೆ, ಸ್ವಲ್ಪ ಜಾಗ ಕಾಯ್ದಿರಿಸಿದೆ. ಉಳಿದದ್ದು ಎಲ್ಲರದ್ದು, ಮೊದಲು ಬಂದವರದ್ದು. ಕಟ್ಟೆ ತುಂಬಿದ ಮೇಲೆ ಬಂದ ಜೋಳವನ್ನು ಗಿರಣಿಯವ ವಾಪಸು ಕಳಿಸುವುದಿಲ್ಲ, ಅಲ್ಲೇ ಚೆಲ್ಲಿಬಿಡುತ್ತಾನೆ. ಇಷ್ಟು ಹೇಳಿದಾಗ ಮಕ್ಕಳಿಗೆ ಗಿರಣಿಯವನ ಮೇಲೆ ಸಿಟ್ಟು ಬರುತ್ತಿತ್ತು. ಹಾಗಾದರೆ ಕಟ್ಟೆ ದೊಡ್ಡದು ಮಾಡಿ ಎನ್ನುತ್ತಿದ್ದರು. ಕಟ್ಟೆ ದೊಡ್ಡದಾದಷ್ಟೂ ಕಾಯುವುದು ಹೆಚ್ಚು, ಇವತ್ತಿನ ಕೆಮ್ಮು ನಾಳೆ ಕೇಳಿಸುತ್ತದೆ ಎಂದು ಅವಳು ಉತ್ತರಿಸುತ್ತಿದ್ದಳು. ಕಾಯಿಸಬೇಕು, ಇಲ್ಲ ಕಳೆಯಬೇಕು. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೂರನೆಯ ದಾರಿ ಅವಳಿಗೆ ಕಂಡಿರಲಿಲ್ಲ.

ಮೂವತ್ತೊಂದನೆಯ ಪೋರ್ಟು ಕಪ್ಪತಗುಡ್ಡದ ಸೆರಗಿನಲ್ಲಿದ್ದ, ಕರೆಂಟು ತೆಗೆಯುವ ಗಾಳಿಕಂಬಗಳ ಕೆಲಸಗಾರರ ಕ್ವಾರ್ಟರ್ಸಿನದು. ಇನ್ನೂರ ಹನ್ನೆರಡು ಒಂಟಿ ಕೋಣೆಗಳು. ಐದೈದು ನಿಮಿಷಕ್ಕೆ ತೆಗೆದ ಸರಾಸರಿಯಲ್ಲಿ ಅದರ ಬಳಕೆ ಸೊನ್ನೆ. ಇತ್ತ ಸಾಮಾನ್ಯ ರಾಶಿಗೆ ಹಸಿವು. ನಿಗಮ ಹೊಸದಾಗಿ ‘ಸಂಜೆಯ ನಗೆಕೂಟ’ ಎಂಬುದನ್ನು ಶುರು ಮಾಡಿತ್ತು. ಐದರಿಂದ ಒಂಬತ್ತರವರೆಗೆ ಮುನ್ನೂರು ಜನ ನಕ್ಕದ್ದನ್ನು ನಲವತ್ತು ಸಾವಿರ ಒಂಟಿ ಮನೆಗಳಿಗೆ ಹಂಚುವ ಯೋಜನೆ ಅದು. ನಗು ತುಂಡುತುಂಡಾಗಿ ಬರುತ್ತಿದೆಯೆಂದು ದೂರುಗಳು ಬಿದ್ದವು. ಬಳಕೆಯಿಲ್ಲದ ಪೋರ್ಟುಗಳಿಂದ ಗೂಡು ಕೀಳಿರಿ ಎಂದು ಮೇಲಿನಿಂದ ಆದೇಶವಾಯಿತು.

“ಮೂವತ್ತೊಂದರದು ಕಿತ್ತೀರೇನ್ರಿ ಅಕ್ಕಾರ?” ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಿಗೆ ಬಂದ ಮೌನೇಶ ಬಡಿಗೇರ ಕೇಳಿದ. ಹೆಸರಿಗೆ ಮೌನೇಶನಾದರೂ ಅವನು ಒಂದು ಗಳಿಗೆ ಸುಮ್ಮನಿದ್ದದ್ದನ್ನು ಕಂಡವರಿಲ್ಲ.

“ಕಿತ್ತೆ. ಮೂರು ತಿಂಗಳ ಪಟ್ಟಿ ತಗದು ನೋಡೀನಿ. ಎಲ್ಲಾ ಸೊನ್ನಿ.”

“ಇನ್ನೂರಾ ಹನ್ನೆರಡು ಮಂದಿ ಅದಾರಲ್ರೀ ಅಲ್ಲೆ. ಒಬ್ಬರೂ ಕೆಮ್ಮೂದಿಲ್ಲೇನು?”

“ಕಂಬ ಹತ್ತಿ ಇಳದು ಬಂದೋರು ಉಂಡು ಮಲಗತಾರ. ಕೆಮ್ಮಾಕ ತ್ರಾಣ ಎಲ್ಲಿರತೈತಿ. ತುಂಬಿದ ಗುರುತೂ ನೋಡಿದೆ. ಅದೂ ಸೊನ್ನಿ.”

“ಬಿಡ್ರಿ, ನಗೆಕೂಟಕ್ಕರ ಜಾಗಾ ಆತು. ನಿನ್ನೆ ನಗು ಹಾಹಾ ಅನ್ನೂದು ಬಿಟ್ಟು ಹ್ ಹ್ ಅನ್ನಾಕತ್ತಿತ್ತು. ಮುನ್ನೂರು ಮಂದಿಗೆ ಒಮ್ಮೆಲೇ ದಮ್ಮು ಹಿಡದಂಗ.”

ಅಷ್ಟು ಹೇಳಿ ಅವನು ಕುರ್ಚಿಯಲ್ಲಿ ಕುಳಿತು, ಪಾಳಿ ಶುರು ಮಾಡುವವರೆಲ್ಲ ಮಾಡುವಂತೆ, ಸ್ವಿಚ್ಚಿನ ಎಣಿಕೆಗಳನ್ನೆಲ್ಲ ಸೊನ್ನೆಗೆ ತಂದ. ಅದು ಆ ಕೇಂದ್ರದ ರೂಢಿ. ಹಿಂದಿನ ಪಾಳಿಯವರ ಪಾಪ ತಮ್ಮ ತಲೆಗೆ ಬರಬಾರದೆಂದು ಪ್ರತಿಯೊಬ್ಬರೂ ಕುಳಿತ ಕೂಡಲೇ ಹಲಗೆ ಒರೆಸುತ್ತಿದ್ದರು. ಕಟ್ಟೆ ಅತಿ ಹೆಚ್ಚು ತುಂಬಿದ್ದು ಎಷ್ಟು ಎಂಬ ಗುರುತೂ ಅದರ ಜೊತೆಗೆ ಅಳಿಸಿಹೋಗುತ್ತಿತ್ತು. ನೀಲಾಂಬಿಕಾ ಅವತ್ತು ನೋಡಿದ್ದು ಬೆಳಿಗ್ಗೆ ಆರರಿಂದ ಹನ್ನೊಂದರವರೆಗಿನ ಗುರುತು. ಕ್ವಾರ್ಟರ್ಸಿನವರು ಐದೂವರೆಗೇ ಬೀಗ ಹಾಕಿ ಕಂಬಗಳಿಗೆ ಹೋಗುತ್ತಾರೆ. ಯಾರೂ ಇಲ್ಲದ ಹೊತ್ತಿನಲ್ಲಿ ಬಾಗಿಲು ಬಡಿದು, ಈ ಮನೆಗೆ ಬಾಗಿಲಿನ ಅಗತ್ಯವೇ ಇಲ್ಲ ಎಂದು ವರದಿ ಬರೆದ ಹಾಗಾಗಿತ್ತು. ಆದರೆ ಇದು ಅವಳಿಗೆ ಹೊಳೆದದ್ದು ಆಮೇಲೆ.

ಅವಳ ಮನೆ ಮುಳಗುಂದ ನಾಕಾದ ಹತ್ತಿರ, ಎರಡನೆಯ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಕಟ್ಟೆ, ನಾಲ್ಕು ಜನರ ಸಂಸಾರಕ್ಕೆ ಸಾಲುವಂಥ ರೊಟ್ಟಿಯ ಹಂಚು. ಅದು ಅವ್ವನದು, ಸಣ್ಣದು ಕೊಳ್ಳಬೇಕೆಂದು ಹನ್ನೊಂದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದಳು. ಪೆಟ್ಟಿಗೆ ಇದ್ದದ್ದು ಉಪ್ಪಿನ ಭರಣಿಯ ಪಕ್ಕದಲ್ಲಿ.

ಎರಡು ವರ್ಷದಿಂದ ಅವಳಿಗೆ ಒಂದೇ ಜೊತೆ. ಗಂಡಸೋ ಹೆಂಗಸೋ ಗೊತ್ತಿಲ್ಲ. ಮನಸ್ಸಿನಲ್ಲಿ ‘ಆ ಕಡೆಯವರು’ ಅನ್ನುತ್ತಿದ್ದಳು. ಆರರ ಸುಮಾರಿಗೆ ಚಿಲಕ ತೆಗೆದ ಸದ್ದು. ಎರಡು ಚಪ್ಪಲಿ, ಒಂದಾದ ಮೇಲೊಂದು. ತಂಬಿಗೆ. ಏಳಕ್ಕೆ ಎಣ್ಣೆಗೆ ಸಾಸಿವೆ ಬಿದ್ದು ಸಿಡಿಯುವುದು, ಅದರ ಬೆನ್ನಿಗೆ ಒಣಮೆಣಸಿನಕಾಯಿ. ಮೆಣಸಿನಕಾಯಿ ಬಿದ್ದ ಕೂಡಲೇ ಸೀನು. ಒಂದಲ್ಲ, ಎರಡು. ಎರಡು ವರ್ಷದಲ್ಲಿ ಒಂದು ದಿನವೂ ಮೂರಾಗಿರಲಿಲ್ಲ, ಒಂದಾಗಿರಲಿಲ್ಲ. ಇಷ್ಟು ಸೀನು ಬರುವಾಗ ಮೆಣಸಿನಕಾಯಿ ಬಿಡಬಾರದೇ ಎಂದು ನೀಲಾಂಬಿಕಾಗೆ ಮೊದಮೊದಲು ಅನ್ನಿಸಿತ್ತು. ಆಮೇಲೆ, ಬಿಡದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಮನೆಯಲ್ಲಿ ಯಾರಾದರೂ ಸೀನಿದರೆ ‘ಚಿರಂಜೀವಿ’ ಎನ್ನಬೇಕು. ಪೆಟ್ಟಿಗೆ ಮಾತನ್ನು ಅರೆಯುತ್ತದೆ. ಹಾಗಾಗಿ ಅವಳು ಚಹಾದ ಲೋಟವನ್ನು ಕಟ್ಟೆಯ ಮೇಲೆ ಎರಡು ಸಲ ಕುಟ್ಟುತ್ತಿದ್ದಳು. ಟಕ್ ಟಕ್. ಒಂದು ಚಣ ಬಿಟ್ಟು ಆ ಕಡೆಯಿಂದಲೂ ಟಕ್ ಟಕ್. ಅಲ್ಲಿಗೆ ಅವತ್ತಿನ ಮಾತುಕತೆ ಮುಗಿಯಿತು. ಇದಕ್ಕಿಂತ ಹೆಚ್ಚು ಮಾತಾಡುವ ಗಂಡಹೆಂಡಿರನ್ನು ಅವಳು ನೋಡಿದ್ದಳು. ಅವರು ಇದಕ್ಕಿಂತ ಸುಖವಾಗಿದ್ದಂತೆ ಕಂಡಿರಲಿಲ್ಲ.

ಅವತ್ತು ಮಂಗಳವಾರ ಸಾಸಿವೆ ಒಂದೇ ಒಂದು ಸಲ ಸಿಡಿದು ನಿಂತಿತು. ಆಮೇಲೆ ಸೀನು ಬಂತು. ಒಂದೇ.

ನೀಲಾಂಬಿಕಾ ಬಡಿಯುತ್ತಿದ್ದ ರೊಟ್ಟಿ ಅಲ್ಲಿಗೇ ಬಿಟ್ಟು ಎರಡನೆಯದಕ್ಕಾಗಿ ಕಾದಳು. ಹಂಚು ಹೊಗೆಯಾಡಿತು. ಒಂಟಿ ಸೀನು ಕೇಳಿದರೆ ಹೊರಟವರು ವಾಪಸು ಬಂದು, ಕುಳಿತು, ನೀರು ಕುಡಿದು ಹೋಗಬೇಕು ಎನ್ನುತ್ತಿದ್ದಳು ಅವ್ವ. ಸೀನನ್ನು ಸ್ನಾಯುಗಳ ಕೆಲಸವೆಂದು ಓದಿ ತಿಳಿದಿದ್ದ ನೀಲಾಂಬಿಕಾ ಒಲೆ ಆರಿಸಿದಳು, ಕುಳಿತಳು, ನೀರು ಕುಡಿದಳು. ಲೋಟ ಎರಡು ಸಲ ಕುಟ್ಟಿದಳು. ಪೆಟ್ಟಿಗೆ ತನ್ನ ಸುಳ್ಳು ಉಸಿರಾಡುತ್ತ ಕುಳಿತಿತ್ತು. ಉತ್ತರ ಬರಲಿಲ್ಲ.

ಬುಧವಾರವೂ ಒಂದೇ ಸೀನು. ಗುರುವಾರವೂ. ನೆಗಡಿ ವಾಸಿಯಾಗುತ್ತಿದೆಯೇನೋ ಅಂದುಕೊಂಡಳು. ಆ ಕಡೆ ಬೇರೆ ಯಾರೋ ಬಂದಿದ್ದಾರೇನೋ ಅಂದುಕೊಂಡಳು. ತನ್ನ ಮೇಲೆ ಸಿಟ್ಟೇನೋ ಅಂದುಕೊಂಡು, ಸಿಟ್ಟು ಬರುವಂಥ ಯಾವ ಸದ್ದು ಮಾಡಿದ್ದೇನೆ ಎಂದು ನೆನಪು ಮಾಡಿಕೊಂಡಳು. ಹಿಂದಿನ ಭಾನುವಾರ ಮಿಕ್ಸರು ಜಾಸ್ತಿ ಹೊತ್ತು ಓಡಿಸಿದ್ದಳು. ಅದಕ್ಕೆ ಯಾರಾದರೂ ಇಷ್ಟು ಮುನಿಯುತ್ತಾರೆಯೇ?

ಶುಕ್ರವಾರ ಲೋಟ ಕೈಯಲ್ಲಿ ಹಿಡಿದವಳು ಒಂದು ಸಲ ಕುಟ್ಟಿ, ಬೇಸರ ಬಂದು ಸುಮ್ಮನೆ ನಿಂತಳು. ಉಸಿರು ಎಳೆದು ಬಿಟ್ಟು, ಮತ್ತೆ ಒಂದು ಸಲ ಕುಟ್ಟಿದಳು. ಆ ಕಡೆಯಿಂದ ಟಕ್ ಎಂದಿತು. ಬಹಳ ಹೊತ್ತಾದ ಮೇಲೆ ಇನ್ನೊಂದು ಟಕ್.

ಅವಳು ಲೋಟ ಕೆಳಗಿಟ್ಟು ಲೆಕ್ಕ ಹಾಕಿದಳು. ಒಂದೊಂದೇ ಡಬ್ಬಿ ಬಂದರೆ ಕಟ್ಟೆಯಲ್ಲಿ ಹೇಗೋ ಜಾಗ ಸಿಗುತ್ತದೆ. ನಾಲ್ಕು ಒಟ್ಟಿಗೆ ಬಂದರೆ ಮೊದಲನೆಯದು ಉಳಿಯುತ್ತದೆ, ಉಳಿದದ್ದನ್ನು ಗಿರಣಿಯವ ಚೆಲ್ಲುತ್ತಾನೆ. ಆ ಕಡೆಯವರು ಈಗಲೂ ಎರಡು ಸಲವೇ ಸೀನುತ್ತಿದ್ದರು. ಎರಡನೆಯದು ಮೂಟೆಯ ಬಾಲ. ಏಳು ಗಂಟೆಯ ನಗು ಕಟ್ಟೆಯ ತುಂಬ ಕುಳಿತಿರುವಾಗ ಬಾಲಕ್ಕೆ ಜಾಗವಿಲ್ಲ. ಇವಳ ಎರಡನೆಯ ಟಕ್ಕಿಗೂ ಇರಲಿಲ್ಲ. ಒಂದೇ ಟಕ್ ಕೇಳಿ ಎರಡನೆಯದಕ್ಕೆ ಕಾದು ಕುಳಿತ ಆ ಕಡೆಯವರೂ ಮೂರು ದಿನ ಇವಳ ಬಗ್ಗೆ ಏನೇನು ಅಂದುಕೊಂಡರೋ. ನಲವತ್ತು ಗೂಡು ಎಂದರೆ ಲೆಕ್ಕದಲ್ಲಿ ಮುಕ್ಕಾಲು ಸೆಕೆಂಡಿನ ಸದ್ದು. ಒಂದು ಸೀನಿಗೆ ಸರಿಯಾಗಿ ಅಷ್ಟೇ ಬೇಕು. ಐದು ನಿಮಿಷದ ಸರಾಸರಿಯಲ್ಲಿ ಅದು ಸೊನ್ನೆಯಾಗಿ ಕಾಣುತ್ತದೆ. ದಶಾಂಶ ಬಿಂದುವಿನ ಮುಂದೆ ಎಷ್ಟು ಸೊನ್ನೆ ಹಾಕಿದ ಮೇಲೆ ಒಂದು ಅಂಕಿ ಬರುತ್ತದೆ ಎಂದು ಅವಳು ಎಣಿಸಲಿಲ್ಲ.

ಮಂಗಳವಾರ ಬದಲಾದದ್ದು ಒಂದೇ ಪೋರ್ಟು. ಹಾಗಾದರೆ ಆ ಕಡೆಯವರು ಇರುವುದು ಗಾಳಿಕಂಬದ ಕ್ವಾರ್ಟರ್ಸಿನಲ್ಲಿ. ಇದು ಗೊತ್ತಾದ ಕೂಡಲೇ, ಗೊತ್ತಾಗಬಾರದಿತ್ತು ಎಂಬುದೂ ನೆನಪಾಯಿತು.

ನಿಗಮದ ಹದಿನಾಲ್ಕನೆಯ ನಿಯಮ ನೌಕರರಿಗೆಂದೇ ಬರೆದದ್ದು: ತನ್ನ ಜೊತೆ ಯಾವ ಪೋರ್ಟಿನಲ್ಲಿದೆ ಎಂದು ತಿಳಿದ ನೌಕರನಿಗೆ ಕೂಡಲೇ ಬೇರೆ ಜೊತೆ ಕೊಡತಕ್ಕದ್ದು. ಇದಕ್ಕೆ ಕಾರಣನಾದ ಮಹಾನುಭಾವನೊಬ್ಬ ಬೇರೊಂದು ಕೇಂದ್ರದಲ್ಲಿದ್ದ. ತನ್ನ ಜೊತೆಯ ಗೊರಕೆ ಸ್ಪಷ್ಟವಾಗಿ ಕೇಳಲೆಂದು ಸ್ವಿಚ್ಚಿನ ಅರ್ಧ ನೆನಪನ್ನೇ ಆ ಒಂದು ಪೋರ್ಟಿಗೆ ಬರೆದುಕೊಟ್ಟಿದ್ದನಂತೆ. ಒಂದು ತಾಲೂಕು ಒಂಬತ್ತು ದಿನ ಮೂಕವಾಗಿತ್ತು.

ಶನಿವಾರ ಅವಳು ಮುಖ್ಯಸ್ಥ ಅಂದಾನಪ್ಪನವರ ಮುಂದೆ ನಿಂತಳು. ಅಂದಾನಪ್ಪ ಕೆಟ್ಟವರಲ್ಲ. ಮೇಜಿನ ಮೇಲೆ ಕಾಗದವಿಲ್ಲದ ಸಂಗತಿ ಜಗತ್ತಿನಲ್ಲಿಯೂ ಇಲ್ಲವೆಂದು ನಂಬಿದ್ದರು, ಅಷ್ಟೇ.

“ಸಾಹೇಬ್ರ, ಮೂವತ್ತೊಂದರ ಗೂಡು ವಾಪಸ್ ಕೊಡೂದು ಚಲೋ ಅನಸ್ತೈತಿ.”

“ಯಾಕ?”

“ಸರಾಸರಿ ನೋಡಿ ಕಿತ್ತೀವಿ. ಆ ಮಂದಿದು ಒಮ್ಮೆಲೇ ಬರೂ ಸದ್ದು. ಸರಾಸರಿಯಾಗ ಕಾಣೂದಿಲ್ಲ.”

“ಕಾಣೂದಿಲ್ಲ ಅಂತೀರಿ. ಹಂಗಾರ ನಿಮಗ ಹ್ಯಾಂಗ ಕಂಡೀತು?”

ತನ್ನ ಪೆಟ್ಟಿಗೆಯಲ್ಲಿ ಕೇಳಿಸಿತು ಎಂದರೆ ಹದಿನಾಲ್ಕನೆಯ ನಿಯಮ ಎದ್ದು ನಿಲ್ಲುತ್ತಿತ್ತು.

“ಚೆಲ್ಲಿದ ಲೆಕ್ಕ ತೋರಸ್ರಿ.”

“ಚೆಲ್ಲಿದ್ದು ಯಾವ ಪೋರ್ಟಿನದು ಅಂತ ಈ ಯಂತ್ರ ಬರಿಯೂದಿಲ್ರಿ. ಒಟ್ಟು ಎಷ್ಟು ಅಂತ ಅಷ್ಟ ಹೇಳತೈತಿ. ಅದರಾಗ ನಗೂನ ಲಕ್ಷಗಟ್ಟಲೆ ಐತಿ.”

“ತುಂಬಿದ ಗುರುತು?”

“ಗೂಡ ಕಿತ್ತಮ್ಯಾಲ ಗುರುತು ಎಲ್ಲಿಂದ ಬರಬೇಕ್ರಿ.”

“ಸೂಡಿ ಬಾಯಾರ,” ಅಂದಾನಪ್ಪ ಕನ್ನಡಕ ತೆಗೆದರು. “ಮಂಗಳವಾರ ನೀವ ಸೊನ್ನಿ ಅಂತ ಬರದು ಸಹಿ ಮಾಡೀರಿ. ಶನಿವಾರ ನೀವ ಸೊನ್ನಿ ಅಲ್ಲ ಅಂತೀರಿ. ನಡುವ ಏನಾತು? ಗಿರಾಕಿ ಒಬ್ಬರು ದೂರು ಬರದು ಕೊಡಲಿ, ಈಗ ಬಿಡಸ್ತೀನಿ. ಆ ಊರಾಗಿಂದ ಒಂದು ದೂರು ಬಂದಿಲ್ಲ.”

ಬರುವುದಾದರೂ ಹೇಗೆ? ಗುರುತಿಲ್ಲದ ಯಾರೋ ಒಬ್ಬರ ಕೆಮ್ಮು ಅರ್ಧ ಮಾತ್ರ ಕೇಳುತ್ತಿದೆ ಎಂದು ಸರಕಾರಿ ಕಾಗದದ ಮೇಲೆ ಬರೆದು ಹೆಸರು ಹಾಕುವ ಧೈರ್ಯ ಯಾರಿಗಿದೆ? ಹಾಗೆ ಬರೆಯುವುದೆಂದರೆ, ಆ ಇನ್ನರ್ಧಕ್ಕಾಗಿ ಕಿವಿ ತೆರೆದು ಕುಳಿತಿದ್ದೆ ಎಂದು ಒಪ್ಪಿಕೊಂಡಂತೆ.

ಮನೆಗೆ ಹೋದಳು. ಸಂಜೆ ಸೀನು ಒಂದೇ ಬಂತು. ಟಕ್. ಐದು ಎಣಿಸಿ ಟಕ್. ಆ ಕಡೆಯವರೂ ಪಾಠ ಕಲಿತಿದ್ದರು. ಐದು ಎಣಿಸಿಯೇ ಉತ್ತರ ಕೊಟ್ಟರು. ಹೀಗೆಯೇ ಇರಬಹುದಲ್ಲ ಅನ್ನಿಸಿತು. ನಿಧಾನವಾಗಿ, ಒಂದೊಂದಾಗಿ. ನಿಯಮ ಮುರಿದಂತೆಯೂ ಆಗುವುದಿಲ್ಲ, ಜೊತೆ ಕಳೆದುಕೊಂಡಂತೆಯೂ ಆಗುವುದಿಲ್ಲ. ಭಾನುವಾರ ಅದೇ ಸಮಾಧಾನದಲ್ಲಿ ರೊಟ್ಟಿ ಒಂದು ಹೆಚ್ಚು ಬಡಿದಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಬೆಟಗೇರಿಯಿಂದ ಮಾಬೂಬಿ ನದಾಫ ಎಂಬ ಐವತ್ತೈದರ ಹೆಂಗಸು, ಕೈಯಲ್ಲಿ ಒಂದು ನೋಟೀಸು, ಕಂಕುಳಲ್ಲಿ ಅರಿವೆಯಲ್ಲಿ ಸುತ್ತಿದ ಪೆಟ್ಟಿಗೆ ಹಿಡಿದು ಕೇಂದ್ರಕ್ಕೆ ಬಂದಳು. ಮಗ್ಗ ನೇಯುವವಳು. ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ. ಕೇಂದ್ರದ ಮೂರೂ ಕೋಣೆಗಳಿಗೆ ಒಂದೇ ಸಲಕ್ಕೆ ಕೇಳಿಸಿತು.

“ಯಾರ್ರೀ ಇಲ್ಲೆ ಪೆಟಗಿ ತಗೊಳ್ಳೋರು?”

“ನನ್ನ ಕಡೆ ಕೊಡ್ರಿ ಅಮ್ಮಾರ,” ಎಂದಳು ನೀಲಾಂಬಿಕಾ. “ಏನಾಗೇತಿ?”

“ಏನಾಗೂದು. ನನಗ ಕಿವಿ ಇಲ್ಲಂತ. ಓದಿ ನೋಡ್ರಿ, ಸರಕಾರ ಬರದೈತಿ.”

ನೋಟೀಸಿನಲ್ಲಿದ್ದದ್ದು ಇಷ್ಟು: ಗಾಳಿಕಂಬದ ಕ್ವಾರ್ಟರ್ಸ್ ತೊಂಬತ್ತನೆಯ ಕೋಣೆಯ ಫಕೀರಗೌಡ ಎಂಬವರು ಗುರುವಾರ ಸಂಜೆ ಎಂಟಕ್ಕೆ ಬಚ್ಚಲಲ್ಲಿ ಬಿದ್ದು, ಸೊಂಟ ಮುರಿದು, ಎಚ್ಚರ ತಪ್ಪಿ ಬೆಳಗಿನ ಐದೂವರೆಯವರೆಗೆ ಅಲ್ಲೇ ಇದ್ದರು. ಅವರ ಜೊತೆಯಾದ ಮಾಬೂಬಿ ನದಾಫ ಕೆಂಪು ಗುಂಡಿ ಒತ್ತಲಿಲ್ಲ. ಕರ್ತವ್ಯಲೋಪಕ್ಕಾಗಿ ಅವರ ಪೆಟ್ಟಿಗೆಯನ್ನು ಹಿಂಪಡೆಯಲಾಗಿದೆ.

“ಅಂವ ಹ್ಯಾಂಗದಾನ್ರಿ?” ಮಾಬೂಬಿಯ ದನಿ ಒಮ್ಮೆಲೇ ತಗ್ಗಿತು.

“ದವಾಖಾನ್ಯಾಗ ಅದಾರ. ಆರಾಮ ಆಗತಾರಂತ.”

“ಫಕೀರಗೌಡ.” ಅವಳು ಹೆಸರನ್ನು ನಾಲಿಗೆಯ ಮೇಲೆ ಇಟ್ಟು ನೋಡಿದಳು. “ಹದಿನಾಲ್ಕು ತಿಂಗಳಾತು ಬಾಯಾರ, ಅಂವ ಎಷ್ಟೊತ್ತಿಗೆ ಹಲ್ಲುಜ್ಜತಾನ ಅಂತ ಗೊತ್ತಿತ್ತು ನನಗ. ಹೆಸರು ಈ ನೋಟೀಸಿನ್ಯಾಗ ಗೊತ್ತಾತು.”

“ಗುರುವಾರ ನಿಮಗ ಏನು ಕೇಳಿಸ್ತು?”

“ಟಪ್ ಅಂತು. ಅಷ್ಟ. ಪುಸ್ತಕ ಬಿದ್ದಂಗ. ಅಂವ ದಿನಾ ಏನಾರ ಒಂದು ಕೆಡವತಾನ್ರಿ, ಕೈ ಸಡ್ಲ ಅಂವಂದು. ಮನಶ್ಯಾ ಬಿದ್ರ ಹಂಗಾಗತೈತೇನು? ಬಕೀಟು ಉಳ್ಳಬೇಕು, ಅಯ್ಯೋ ಅನಬೇಕು. ಏನೂ ಬರಲಿಲ್ಲ. ನಾ ಮಗ್ಗ ನಿಂದರಿಸಿ ಕೇಳಿದೆ. ಖುದಾನ ಆಣಿ, ನಿಂದರಿಸಿ ಕೇಳಿದೆ.”

ನೀಲಾಂಬಿಕಾ ದೂರಿನ ನಮೂನೆಯನ್ನು ಅವಳ ಮುಂದಿಟ್ಟಳು. “ಇದನ್ನ ತುಂಬಿ ಕೊಡ್ರಿ. ಪೂರ್ತಿ ಸದ್ದು ಬರಲಿಲ್ಲ ಅಂತ ಬರೀರಿ.”

ನಮೂನೆಯಲ್ಲಿ ಮೂರು ಪ್ರಶ್ನೆಗಳು. ಏನು ಕೇಳಿಸಬೇಕಿತ್ತು? ಏನು ಕೇಳಿಸಿತು? ವ್ಯತ್ಯಾಸ ನಿಮಗೆ ಹೇಗೆ ತಿಳಿಯಿತು?

ಮಾಬೂಬಿ ಮೊದಲನೆಯ ಪ್ರಶ್ನೆಯ ಮೇಲೆ ಬೆರಳಿಟ್ಟಳು. “ಏನು ಕೇಳಿಸಬೇಕಿತ್ತು ಅಂತ ನನಗೇನ ಗೊತ್ರಿ? ಕೇಳಿಸಿಲ್ಲಲ್ಲ. ನಾ ಸುಳ್ಳ ಬರಿಯೂದಿಲ್ಲ ಬಾಯಾರ.” ಪೆಟ್ಟಿಗೆ ಮೇಜಿನ ಮೇಲಿಟ್ಟಳು. ಸುತ್ತಿ ತಂದಿದ್ದ ಅರಿವೆಯನ್ನು ಬಿಚ್ಚಿ ಮಡಚಿಕೊಂಡಳು. ಅದು ಕೆಂಪು ದಡಿಯ, ಪೆಟ್ಟಿಗೆಯ ಅಳತೆಗೆಂದೇ ನೇಯ್ದ ಅರಿವೆ. “ಇನ್ನೊಬ್ಬರಿಗೆ ಕೊಡ್ರಿ ಇದನ್ನ. ಮನ್ಯಾಗ ಇದು ಸುಮ್ಮ ಉಸರಾಡೂದು ಕೇಳಾಕ ಆಗವಲ್ದು. ಯಾರೋ ಅದಾರನಸ್ತೈತಿ.”

ಅವಳು ಮೆಟ್ಟಿಲಿಳಿದು ಹೋದ ಮೇಲೂ ನಮೂನೆ ಮೇಜಿನ ಮೇಲೆ ಉಳಿದಿತ್ತು. ಏನು ಕೇಳಿಸಬೇಕಿತ್ತು ಎಂದು ಗೊತ್ತಿರುವ ಗಿರಾಕಿ ಗದಗಿನಲ್ಲಿ ಒಬ್ಬಳೇ ಇದ್ದಳು. ನೀಲಾಂಬಿಕಾ ಪೆನ್ನು ತೆಗೆದಳು, ಮುಚ್ಚಿದಳು. ಊಟದ ಡಬ್ಬಿ ಬಿಚ್ಚಿದಳು, ಅದನ್ನೂ ಮುಚ್ಚಿದಳು. ಮೂವತ್ತೊಂದರ ಹಿಂದೆ ಇನ್ನೂರ ಹನ್ನೆರಡು ಬಚ್ಚಲುಗಳಿದ್ದವು. ಬೀಳುವವರು ಐದು ಎಣಿಸಿ ಬೀಳುವುದಿಲ್ಲ.

ಏನು ಕೇಳಿಸಬೇಕಿತ್ತು? ಎರಡು ಸೀನು.

ಏನು ಕೇಳಿಸಿತು? ಒಂದು ಸೀನು.

ವ್ಯತ್ಯಾಸ ನಿಮಗೆ ಹೇಗೆ ತಿಳಿಯಿತು? ಇಲ್ಲಿ ಅವಳು ಮೊದಲು, ಬಫರಿನ ಹಂಚಿಕೆಯಲ್ಲಿ ಮೂಟೆಯ ಬಾಲ ಕಳೆಯುವ ಬಗ್ಗೆ ನಾಲ್ಕು ಸಾಲು ಬರೆದು ಹೊಡೆದುಹಾಕಿದಳು. ಕೆಳಗೆ ಬರೆದಳು: ಅವರು ಯಾವಾಗಲೂ ಎರಡೇ ಸಲ ಸೀನುತ್ತಾರೆ.

ಅಂದಾನಪ್ಪ ನಮೂನೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆಯಲಿಲ್ಲ.

“ಇದು ನಿಮ್ಮ ಪೆಟಗಿ ನಂಬರು.”

“ಹೌದ್ರಿ.”

“ಪೋರ್ಟ್ ಮೂವತ್ತೊಂದು ಅಂತ ನೀವ ಬರದೀರಿ.”

“ಹೌದ್ರಿ.”

“ಹದಿನಾಲ್ಕು ಗೊತ್ತೈತಿಲ್ಲೋ ನಿಮಗ?”

“ಅದರ ಪರೀಕ್ಷಾ ಬರದ ಈ ಕುರ್ಚಿಗೆ ಬಂದೀನ್ರಿ ಸಾಹೇಬ್ರ.”

ಅಂದಾನಪ್ಪ ಕಿಟಕಿಯ ಕಡೆ ನೋಡಿದರು. “ಯಾರದರ ಹೆಸರಲೇ ಬರಸಬೇಕಿತ್ತು,” ಎಂದರು ಮೆಲ್ಲಗೆ. ಆಮೇಲೆ, ಹಾಗೆ ಹೇಳಿದ್ದಕ್ಕೆ ತಮ್ಮ ಮೇಲೆಯೇ ಬೇಸರಪಟ್ಟುಕೊಂಡವರಂತೆ, ಮುದ್ರೆ ಒತ್ತಿದರು. “ಗೂಡು ಈಗ ಬಿಡ್ರಿ. ಆ ಹೆಣ್ಣಮಗಳ ನೋಟೀಸು ನಾ ರದ್ದ ಮಾಡತೀನಿ, ಪೆಟಗಿ ಮೌನೇಶ ಮುಟ್ಟಸಲಿ. ನಿಮ್ಮ ಜೊತಿ ಬದಲಿ ಇವತ್ತ ಆರೂವರಿಗೆ. ಅದಕ್ಕಿಂತ ತಡಾ ಮಾಡಾಕ ನನಗ ಬರೂದಿಲ್ಲ.”

“ಏಳೂವರಿ ಆಗೂದಿಲ್ಲೇನ್ರಿ?”

“ಯಾಕ?”

ಏಳಕ್ಕೆ ಒಗ್ಗರಣೆ ಎಂದು ಹೇಳುವುದು ಕಚೇರಿಯ ಮಾತಲ್ಲ. “ಏನಿಲ್ಲ ಬಿಡ್ರಿ,” ಎಂದು ಹೊರಗೆ ಬಂದಳು. ಅದೇ ಸಾಲು ಟೈಪು ಮಾಡಿದಳು, ಸೊನ್ನೆಯಿದ್ದಲ್ಲಿ ನಲವತ್ತು ಹಾಕಿದಳು, ಎರಡು ಸಲ ಓದಿದಳು, ಒತ್ತಿದಳು. ಎರಡಕ್ಕೆ ಮೌನೇಶ ಬಂದಾಗ, ಎಣಿಕೆ ಅಳಿಸುವ ಮೊದಲು ತುಂಬಿದ ಗುರುತನ್ನು ಬರೆದಿಟ್ಟುಕೋ ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಆ ಕೇಂದ್ರದಲ್ಲಿ ಅಷ್ಟರೊಳಗೆ ಸುದ್ದಿ ತಿಳಿಯದವರು ಯಾರೂ ಉಳಿದಿರಲಿಲ್ಲ.

ಮನೆಯಲ್ಲಿ ಐದೂವರೆಯಿಂದ ಅಡುಗೆಕಟ್ಟೆಯ ಮುಂದೆ ಕುಳಿತಳು. ರೊಟ್ಟಿಗೆ ಹಿಟ್ಟು ಕಲಸಲಿಲ್ಲ, ಸದ್ದಾದೀತೆಂದು. ಆರಕ್ಕೆ ಏಳು ನಿಮಿಷವಿರುವಾಗ ಚಿಲಕ ತೆಗೆದ ಸದ್ದು ಬಂತು. ಕೊಂಡಿ ಸರಿದು, ಬಾಗಿಲು ಗೋಡೆಗೆ ತಾಗಿ, ಅದುರಿ, ನಿಲ್ಲುವವರೆಗೆ ಪೂರ್ತಿ ಬಂತು. ಈ ಬಾಗಿಲಿಗೆ ಇಷ್ಟು ಉದ್ದದ ಬಾಲವಿದೆ ಎಂಬುದನ್ನು ಒಂದೇ ವಾರದಲ್ಲಿ ಮರೆತಿದ್ದಳು. ಚಪ್ಪಲಿ, ಇನ್ನೊಂದು ಚಪ್ಪಲಿ. ತಂಬಿಗೆ. ನೀರು ಗಂಟಲಿಗೆ ಇಳಿಯುವುದೂ ಕೇಳಿಸಿತು.

ಏಳರ ಅಡುಗೆಯನ್ನು ಇವತ್ತೊಂದು ದಿನ ಆರಕ್ಕೇ ಮಾಡಿ ಎಂದು ಕುಟ್ಟಿ ಹೇಳುವ ಉಪಾಯ ಲೋಕದಲ್ಲಿ ಯಾರೂ ಕಂಡುಹಿಡಿದಿರಲಿಲ್ಲ.

ಆರು ಇಪ್ಪತ್ತಾರಕ್ಕೆ ಅವಳು ಲೋಟ ಎತ್ತಿಕೊಂಡು, ಮೊದಲಿನಂತೆ, ನಡುವೆ ಏನನ್ನೂ ಎಣಿಸದೆ ಕುಟ್ಟಿದಳು. ಟಕ್ ಟಕ್.

ಆ ಕಡೆ ಕುರ್ಚಿ ಸರಿಯಿತು. ಯಾರೋ ಬೇಗಬೇಗ ನಡೆದು ಹತ್ತಿರ ಬಂದರು. ಟಕ್ ಟಕ್. ಒಂದು ಚಣ ನಿಂತು, ನಂಬಿಕೆ ಬಾರದವರು ಕೇಳುವ ಹಾಗೆ, ಮತ್ತೆ ಟಕ್ ಟಕ್. ನೀಲಾಂಬಿಕಾ ಉತ್ತರ ಕೊಟ್ಟಳು. ಆ ಕಡೆಯವರು ಏನೋ ಮಾತಾಡಿದರು. ಎರಡು ವರ್ಷದಲ್ಲಿ ಅದೇ ಮೊದಲು. ಪೆಟ್ಟಿಗೆ ತನ್ನ ಕರ್ತವ್ಯ ಬಿಡದೆ ಅದನ್ನು ಅರೆದು ಗುಣುಗುಣು ಮಾಡಿತು. ಪ್ರಶ್ನೆಯಾಗಿತ್ತು ಎಂಬುದು ಮಾತ್ರ, ಕೊನೆಗೆ ದನಿ ಏರಿದ್ದರಿಂದ, ತಿಳಿಯಿತು. ಅವಳು ಬಗ್ಗಿ ಪೆಟ್ಟಿಗೆಯ ಬಾಯಿಗೆ ಬಾಯಿ ಹಚ್ಚಿ “ಚಿರಂಜೀವಿ” ಎಂದಳು. ಅದೂ ಗುಣುಗುಣು ಆಗಿ ಹೋಗಿರಬೇಕು.

ಆರೂವರೆಗೆ ಪೆಟ್ಟಿಗೆಯೊಳಗೆ ಸಣ್ಣದಾಗಿ ಕಟ್ ಎಂದಿತು. ಉಸಿರು ಮಾತ್ರ ಮೊದಲಿನದೇ ಮುಂದುವರಿಯಿತು.

ಮೂವತ್ತೊಂದನೆಯ ಪೋರ್ಟಿನ ನಲವತ್ತು ಗೂಡುಗಳು ಈಗ ಅದರ ಹೆಸರಿನಲ್ಲಿಯೇ ಇವೆ. ಸಂಜೆಯ ನಗು ಮತ್ತೆ ತುಂಡಾಗಿ ಬರುತ್ತಿದೆ. ದೂರುಗಳನ್ನು ಅಂದಾನಪ್ಪ ಸ್ವೀಕರಿಸುತ್ತಾರೆ. ಫಕೀರಗೌಡರು ಕೋಲು ಹಿಡಿದು ಕೋಣೆಗೆ ಮರಳಿದ್ದಾರೆ, ಮಾಬೂಬಿಯ ಮಗ್ಗ ಅವರಿಗೆ ಕೇಳಿಸುತ್ತದೆ. ನೀಲಾಂಬಿಕಾಳಿಗೆ ಕೊಟ್ಟ ಹೊಸ ಜೊತೆ ಅಚ್ಚುಕಟ್ಟಿನವರು, ಬಾಗಿಲನ್ನು ಮೆಲ್ಲಗೆ ಹಾಕುತ್ತಾರೆ. ಅವರಿಗೆ ಸೀನು ಬರುವುದಿಲ್ಲ.